ಮರುಮಾತಿಗೆ ಜಾಗ ಇತ್ತೇ? ಸಂವಹನ ಮತ್ತು ಸಾಮಾಜಿಕ ಬದಲಾವಣೆ: ವಿಜಯಪುರದಿಂದ ಒಂದು ಅಧ್ಯಯನ ಟಿಪ್ಪಣಿ

ಎಂ.ಎ.ಯಲ್ಲಿ ಅಭಿವೃದ್ಧಿ ಸಂವಹನ, ಅಂದರೆ ಜನರ ಬದುಕು ಸುಧಾರಿಸಲು ಮಾತು, ಮಾಧ್ಯಮಗಳನ್ನು ಬಳಸುವ ಬಗೆ, ಪರೀಕ್ಷೆಯ ವಿಷಯವಾಗಿ ಬಂದ ಕೂಡಲೇ ನಮ್ಮಲ್ಲಿ ಬಹಳ ಮಂದಿ ಮಾಡುವ ಕೆಲಸ ಒಂದೇ. ಇಸವಿ, ಹೆಸರು, ಸಿದ್ಧಾಂತ ಎಂದು ಮೂರು ಕಲಂ ಎಳೆದು ಬಾಯಿಪಾಠ ಹಾಕುವುದು. 1958 ಲರ್ನರ್, 1962 ರೋಜರ್ಸ್, 1964 ಶ್ರಾಮ್, 1970 ಫ್ರೇರೆ. ಪಾಸಾಗಲು ಅಷ್ಟು ಸಾಕು. ಆದರೆ ಹೀಗೆ ಓದಿದರೆ ಹಳೆಯದೆಲ್ಲ ತಪ್ಪು, ಹೊಸದೆಲ್ಲ ಸರಿ ಎಂಬ ಅಭಿಪ್ರಾಯ ತಲೆಯಲ್ಲಿ ಕೂತುಬಿಡುತ್ತದೆ. ಅದು ಹಾಗಿಲ್ಲ. ನಾನು ಪ್ರತಿಯೊಂದು ಸಿದ್ಧಾಂತಕ್ಕೂ, ಪ್ರತಿಯೊಂದು ಯೋಜನೆಗೂ ಒಂದೇ ಪ್ರಶ್ನೆ ಹಾಕುತ್ತೇನೆ: ಕೇಳಿಸಿಕೊಂಡವರು ತಿರುಗಿ ಮಾತಾಡಲು ಜಾಗ ಇತ್ತೇ, ಆಡಿದ ಮಾತಿನಿಂದ ಏನಾದರೂ ಬದಲಾಗುವಂತಿತ್ತೇ? ಈ ಪ್ರಶ್ನೆಯನ್ನು ಪರೀಕ್ಷಿಸಲು ವಿಜಯಪುರ, ಬಾಗಲಕೋಟೆ, ಬೆಳಗಾವಿಯಲ್ಲೇ ಬೇಕಾದಷ್ಟು ಉದಾಹರಣೆ ಇವೆ. ಟರ್ಕಿ, ಪೆರು ತನಕ ಹೋಗಬೇಕಾಗಿಲ್ಲ, ಹೋದರೂ ಬೇಗ ವಾಪಸ್ ಬರಬಹುದು.

ಲರ್ನರ್, ಶ್ರಾಮ್: ಬೇಗ ಮುಗಿಸಿ

ಅಮೆರಿಕದ ಸಮಾಜವಿಜ್ಞಾನಿ ಡೇನಿಯಲ್ ಲರ್ನರ್ ಟರ್ಕಿಯ ಬಲ್ಗತ್ ಎಂಬ ಹಳ್ಳಿಯ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾನೆ. ಒಬ್ಬ ಊರ ಮುಖ್ಯಸ್ಥ, ಇದ್ದುದರಲ್ಲಿ ತೃಪ್ತ. ಇನ್ನೊಬ್ಬ ಕಿರಾಣಿ ಅಂಗಡಿಯವ, ನಗರದ ಕನಸು ಕಾಣುವವ. ತನ್ನನ್ನು ಬೇರೊಬ್ಬರ ಜಾಗದಲ್ಲಿ ಊಹಿಸಿಕೊಳ್ಳುವ ಶಕ್ತಿಯೇ ಆಧುನಿಕತೆಯ ಬಾಗಿಲು, ಆ ಶಕ್ತಿಯನ್ನು ಬೆಳೆಸುವುದು ಮಾಧ್ಯಮ ಎಂಬುದು ಅವನ ವಾದ. ನಗರೀಕರಣ, ಅಕ್ಷರ, ಮಾಧ್ಯಮ, ಪಾಲ್ಗೊಳ್ಳುವಿಕೆ ಎಂದು ಮೆಟ್ಟಿಲುಗಳ ಸಾಲು. ಅಮೆರಿಕದವನೇ ಆದ ಸಂವಹನ ವಿದ್ವಾಂಸ ವಿಲ್ಬರ್ ಶ್ರಾಮ್ ಯುನೆಸ್ಕೋಗಾಗಿ ಬರೆಯುತ್ತ, ಶಿಕ್ಷಕರೂ ಕಾರ್ಯಕರ್ತರೂ ಕಡಿಮೆ ಇರುವ ದೇಶದಲ್ಲಿ ರೇಡಿಯೊ, ಪತ್ರಿಕೆಗಳು ಅದೇ ಮಾತನ್ನು ಹಲವು ಪಟ್ಟು ಹೆಚ್ಚಿಸಿ ತಲುಪಿಸುತ್ತವೆ ಎಂದ. ಇಬ್ಬರ ಲೆಕ್ಕದಲ್ಲೂ ಹಳ್ಳಿಯವರು ಕೇಳುಗರು. ಅವರು ಹೇಳುವುದಕ್ಕೆ ಏನಾದರೂ ಇರಬಹುದು ಎಂಬುದು ನಕ್ಷೆಯಲ್ಲೇ ಇಲ್ಲ. ಇಷ್ಟು ತಿಳಿದರೆ ಸಾಕು.

ಸೈಟ್: ಬಿಜಾಪುರಕ್ಕೆ ಆಕಾಶದಿಂದ ಬಂದ ಟೀವಿ

ಇಲ್ಲಿ ನಿಧಾನವಾಗಿ ಓದಿ. ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗ, ಅಂದರೆ ಸೈಟ್, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಯಿತು. ನಾಸಾದಿಂದ ಒಂದು ವರ್ಷದ ಮಟ್ಟಿಗೆ ಸಿಕ್ಕ ಎಟಿಎಸ್-6 ಉಪಗ್ರಹ, ಇಸ್ರೋದ ನೆಲದ ವ್ಯವಸ್ಥೆ, ಆರು ರಾಜ್ಯಗಳ ಸುಮಾರು 2400 ಹಳ್ಳಿ. ಕರ್ನಾಟಕದಲ್ಲಿ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಆಗಿನ ಬಿಜಾಪುರ ಎಂದರೆ ಇಂದಿನ ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆ. ಬೆಂಗಳೂರಿನವರು ಟೀವಿ ಕಾಣುವ ಮೊದಲೇ ನಮ್ಮ ಕಡೆಯ ಕೆಲವು ಹಳ್ಳಿಗಳು ಕಂಡಿದ್ದವು. ಈ ಮಾತನ್ನು ಉತ್ತರದಲ್ಲಿ ಬರೆಯಲೇಬೇಕೆಂದಿಲ್ಲ, ಆದರೆ ಬರೆಯುವ ಆಸೆ ನನಗಂತೂ ತಡೆಯಲಾಗುವುದಿಲ್ಲ.

ಬೆಳಿಗ್ಗೆ ಶಾಲಾ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಒಂದಿಷ್ಟು ಮನರಂಜನೆ. ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಒಂದೇ ಸೆಟ್, ಊರೆಲ್ಲ ಅದರ ಮುಂದೆ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಮೊದಲ ದಿನಗಳ ಜಾತ್ರೆ ಬರಬರುತ್ತ ಕರಗಿತು, ಆದರೂ ಪ್ರೇಕ್ಷಕರು ಉಳಿದರು. ಸಾಮಾಜಿಕ ಸಂಶೋಧಕರು ಹಳ್ಳಿಗಳಲ್ಲೇ ಬಿಡಾರ ಹೂಡಿ ಅಧ್ಯಯನ ಮಾಡಿದರು. ಅನಕ್ಷರಸ್ಥರಲ್ಲೂ ಮಹಿಳೆಯರಲ್ಲೂ ತಿಳಿವಳಿಕೆ ಹೆಚ್ಚಿದ್ದು ಕಂಡುಬಂತು. ಮಾಹಿತಿ ಹರಿದಷ್ಟೂ ಉಳ್ಳವರು ಬೇಗ ಹೀರಿಕೊಳ್ಳುತ್ತಾರೆ, ಅಂತರ ಹಿಗ್ಗುತ್ತದೆ ಎಂದು ಅಮೆರಿಕದ ಸಂಶೋಧಕರಾದ ಟಿಚನರ್, ಡೊನೊಹ್ಯು, ಒಲಿಯೆನ್ 1970ರಲ್ಲಿ ಹೇಳಿದ್ದರಲ್ಲ, ಆ ತಿಳಿವಳಿಕೆಯ ಅಂತರದ ಸಿದ್ಧಾಂತಕ್ಕೆ ಸೈಟ್ ಒಂದು ತಕರಾರು. ಎರಡನ್ನೂ ಜೋಡಿಸಿ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ಇನ್ನು ನಮ್ಮ ಪ್ರಶ್ನೆ. ಮರುಮಾತಿಗೆ ಜಾಗ? ನೇರವಾಗಿ ಇರಲಿಲ್ಲ. ಉಪಗ್ರಹ ಕೊಡುತ್ತಿತ್ತು, ತೆಗೆದುಕೊಳ್ಳುತ್ತಿರಲಿಲ್ಲ. ಇನ್ನೊಂದು ಸಂಗತಿಯನ್ನು ನಮ್ಮ ನೋಟ್ಸುಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ: ಇಡೀ ಪ್ರಯೋಗ ನಡೆದದ್ದು ತುರ್ತು ಪರಿಸ್ಥಿತಿಯ ಒಳಗೆ. ದೇಶದಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಇದ್ದ ವರ್ಷವೇ ಹಳ್ಳಿಗೆ ಸರಕಾರದ ದನಿ ಆಕಾಶದಿಂದ ಇಳಿಯಿತು. ಕುಟುಂಬ ಯೋಜನೆಯ ಕಾರ್ಯಕ್ರಮವನ್ನು ಆ ಹೊತ್ತಿನಲ್ಲಿ ನೋಡಿದವರು ಅದನ್ನು ಸಲಹೆ ಎಂದು ಕೇಳಿದರೋ ಆಜ್ಞೆ ಎಂದೋ? ಕಾರ್ಯಕ್ರಮ ಎಷ್ಟೇ ಚೆನ್ನಾಗಿರಲಿ, ಸುತ್ತಲಿನ ರಾಜಕೀಯ ಅದರ ಅರ್ಥವನ್ನು ಬದಲಿಸುತ್ತದೆ.

ಹೋಲಿಕೆಗೆ ಗುಜರಾತಿನ ಖೇಡಾ ಯೋಜನೆ ನೆನಪಿಡಿ. ಅದೂ 1975ರಲ್ಲೇ ಶುರು, ಅದರ ಹಿಂದೆಯೂ ಇಸ್ರೋ. ಆದರೆ ಪಿಜ್ ಎಂಬ ಊರಿನಿಂದ ಒಂದು ಸಣ್ಣ ಟ್ರಾನ್ಸ್‌ಮಿಟರ್, ಸ್ಥಳೀಯ ಆಡುಮಾತು, ಕ್ಯಾಮೆರಾ ಮುಂದೆ ಹಳ್ಳಿಯವರೇ. ತಂತ್ರಜ್ಞಾನ ಚಿಕ್ಕದಾದಷ್ಟೂ ಮರುಮಾತು ಹತ್ತಿರವಾಯಿತು.

ರೋಜರ್ಸ್ ಮತ್ತು ಮಾಲದಂಡಿ ಜೋಳ

ಎವರೆಟ್ ರೋಜರ್ಸ್‌ನ ಹೊಸತನದ ಪ್ರಸರಣ ಸಿದ್ಧಾಂತ ಹೊಸದೊಂದು ಜನರಲ್ಲಿ ಹೇಗೆ ಹಬ್ಬುತ್ತದೆ ಎಂದು ಹೇಳುತ್ತದೆ. ಅದರ ಅಂಕಿಗಳು ಎಲ್ಲರಿಗೂ ಗೊತ್ತು: ಹೊಸಬಗೆಯವರು ಶೇ 2.5, ಬೇಗ ಒಪ್ಪುವವರು 13.5, ನಂತರ 34, ಮತ್ತೆ 34, ಕೊನೆಗೆ ಹಿಂದುಳಿಯುವವರು 16. ಈ ಸಿದ್ಧಾಂತದ ಮೂಲ ಅಮೆರಿಕದ ಅಯೋವಾ ರಾಜ್ಯದ ಹೈಬ್ರಿಡ್ ಮೆಕ್ಕೆಜೋಳದ 1943ರ ಅಧ್ಯಯನದಲ್ಲಿದೆ, ಮಾಡಿದವರು ರಯಾನ್ ಮತ್ತು ಗ್ರಾಸ್. ಹೊಸ ವಸ್ತು ಒಪ್ಪಿಗೆಯಾಗಲು ಐದು ಗುಣ ನೋಡಬೇಕು: ಹೆಚ್ಚಿನ ಲಾಭ, ಬದುಕಿಗೆ ಹೊಂದಿಕೆ, ಎಷ್ಟು ಗೋಜಲು, ಸಣ್ಣದಾಗಿ ಮಾಡಿ ನೋಡಬಹುದೇ, ಫಲ ಪಕ್ಕದವರ ಕಣ್ಣಿಗೆ ಬೀಳುತ್ತದೆಯೇ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಹನಿ ನೀರಾವರಿಯನ್ನು ಈ ಐದಕ್ಕೂ ಇಟ್ಟು ನೋಡಿ, ಚೆನ್ನಾಗಿ ಕೂರುತ್ತದೆ. ಒಂದು ಎಕರೆಗೆ ಪೈಪು ಹಾಕಿ ನೋಡಬಹುದು, ಪಕ್ಕದ ಹೊಲದವನಿಗೆ ಬಳ್ಳಿ ಕಾಣುತ್ತದೆ.

ಕೂರದ ಉದಾಹರಣೆ ಇನ್ನೂ ಹೆಚ್ಚು ಕಲಿಸುತ್ತದೆ. ದೇಶದ ಮೊದಲ ವಾಣಿಜ್ಯ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದದ್ದು 1964ರಲ್ಲಿ. ಮುಂಗಾರಿನ ಸೀಮೆಗಳಲ್ಲಿ ಹೈಬ್ರಿಡ್‌ಗಳು ಹಬ್ಬಿದವು. ನಮ್ಮ ಎರೆ ಭೂಮಿಯ ಹಿಂಗಾರಿ ಜೋಳದಲ್ಲಿ ಮಾತ್ರ ದಶಕಗಳು ಕಳೆದರೂ ಮಾಲದಂಡಿಯೇ, ಅಂದರೆ ಸೊಲ್ಲಾಪುರ ಕಡೆಯ ಮೋಹೋಳದಲ್ಲಿ ಆಯ್ದ ಎಂ 35-1 ತಳಿಯೇ, ಗಟ್ಟಿಯಾಗಿ ನಿಂತಿತು. ರೋಜರ್ಸ್‌ನ ಪಟ್ಟಿಯಲ್ಲಿ ನಮ್ಮ ರೈತರು ‘ಹಿಂದುಳಿಯುವವರು’ ಆಗುತ್ತಾರೆ. ಆದರೆ ಅವರ ಲೆಕ್ಕ ಬೇರೆ ಇತ್ತು. ಕಾಳು ಬಿಳುಪಾಗಿ ದುಂಡಗಿರಬೇಕು, ರೊಟ್ಟಿ ಬಡಿಯಲು ಬರಬೇಕು, ಎತ್ತಿಗೆ ಕಣಿಕೆ ಸಾಕಷ್ಟು ಸಿಗಬೇಕು, ಮಣ್ಣಲ್ಲಿ ಉಳಿದ ತೇವದಲ್ಲೇ ಬೆಳೆ ಬರಬೇಕು, ಸುಳಿನೊಣಕ್ಕೆ ಬಗ್ಗಬಾರದು. ಎಕರೆಗೆ ಎಷ್ಟು ಕ್ವಿಂಟಲ್ ಎಂಬ ಒಂದೇ ಅಳತೆ ಹಿಡಿದವರಿಗೆ ಇದು ಹಠದಂತೆ ಕಂಡಿತು. ಸಿದ್ಧಾಂತದಲ್ಲಿ ಇದಕ್ಕೆ ಹೊಸತನದ ಪರವಾದ ಪಕ್ಷಪಾತ ಎನ್ನುತ್ತಾರೆ: ಹೊಸದು ಒಳ್ಳೆಯದೇ, ಒಪ್ಪದವನದೇ ದೋಷ ಎಂಬ ಮುನ್ನಂಬಿಕೆ. ರೈತನ ‘ಬೇಡ’ ಕೂಡ ಒಂದು ಮರುಮಾತು. ಅದನ್ನು ಅಜ್ಞಾನ ಎಂದು ಬರೆದುಕೊಂಡರೆ ಮಾತು ಅಲ್ಲಿಗೆ ಮುಗಿಯಿತು.

ಹಾಗೆಂದು ಉತ್ತರದಲ್ಲಿ ರೋಜರ್ಸ್‌ನನ್ನು ಖಳನಾಯಕ ಮಾಡಬೇಡಿ. ಅವನ ಪುಸ್ತಕದಲ್ಲೇ ಪೆರುವಿನ ಲಾಸ್ ಮೋಲಿನೋಸ್ ಹಳ್ಳಿಯ ಸೋತ ಪ್ರಚಾರದ ಕತೆ ಇದೆ. ನೀರು ಕುದಿಸಿ ಕುಡಿಯಿರಿ ಎಂದು ಎರಡು ವರ್ಷ ಹೇಳಿದರೂ 200 ಕುಟುಂಬಗಳಲ್ಲಿ 11 ಮಾತ್ರ ಒಪ್ಪಿದವು, ಏಕೆಂದರೆ ಅಲ್ಲಿ ಕುದಿಸಿದ ನೀರು ಕಾಯಿಲೆಯವರದು ಎಂಬ ನಂಬಿಕೆ. 1976ರಲ್ಲಿ ಹಳೆಯ ಅಭಿವೃದ್ಧಿ ಮಾದರಿಯ ಕಾಲ ಮುಗಿಯಿತು ಎಂದು ಲೇಖನ ಬರೆದವನೂ ಅವನೇ.

ಫ್ರೇರೆ, ಮತ್ತು ಮೊದಲೇ ಬರೆಯದ ಸಂದೇಶ

ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾಲೊ ಫ್ರೇರೆಯನ್ನು ತರಗತಿಯಲ್ಲಿ ‘ಬ್ಯಾಂಕಿಂಗ್ ಶಿಕ್ಷಣ’ (ಕಲಿಯುವವರ ತಲೆಗೆ ತಿಳಿವಳಿಕೆಯನ್ನು ಹಣದಂತೆ ಜಮಾ ಮಾಡುವ ಶಿಕ್ಷಣ) ಎಂಬ ಒಂದೇ ಪದಕ್ಕೆ ಇಳಿಸಿಬಿಡುತ್ತೇವೆ. ಅವನ ಕೆಲಸ 1963ರಲ್ಲಿ ಬ್ರೆಜಿಲ್‌ನ ಅಂಜಿಕೋಸ್‌ನಲ್ಲಿ ಕೂಲಿಕಾರರಿಗೆ ಅಕ್ಷರ ಕಲಿಸಿದ್ದರಿಂದ ಹಿಡಿದು ನೋಡಬೇಕು. 1964ರ ಸೈನಿಕ ದಂಗೆಯ ನಂತರ ಅವನು ಜೈಲು ಸೇರಿದ, ಆಮೇಲೆ ದೇಶ ಬಿಟ್ಟ. ಅಕ್ಷರ ಕಲಿಸಿದ್ದಕ್ಕೆ ಜೈಲೇ ಎಂದು ಕೇಳಿದರೆ, ಕಲಿಸಿದ ರೀತಿ ಹಾಗಿತ್ತು. ಕಲಿಯುವವರ ಬದುಕಿನ ಪದಗಳೇ ಪಾಠ, ಆ ಪದದ ಸುತ್ತ ‘ಹೀಗೇಕಿದೆ’ ಎಂಬ ಚರ್ಚೆ. ಚಿಲಿಯಲ್ಲಿದ್ದಾಗ ಕೃಷಿ ವಿಸ್ತರಣಾಧಿಕಾರಿಗಳನ್ನು ಕುರಿತು ಬರೆದದ್ದನ್ನೂ ಓದಿ. ನಮ್ಮ ರೈತ ಸಂಪರ್ಕ ಕೇಂದ್ರಗಳನ್ನು ನೋಡಿದವರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ.

ಇಲ್ಲಿನ ಉದಾಹರಣೆ ಮಹಿಳಾ ಸಮಖ್ಯಾ, ಹಳ್ಳಿಯ ಬಡ ಹೆಣ್ಣುಮಕ್ಕಳ ಸಬಲೀಕರಣಕ್ಕೆಂದು ನಡೆದ ಸರಕಾರಿ ಕಾರ್ಯಕ್ರಮ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1989ರಲ್ಲಿ ಶುರುವಾದ ಈ ಕಾರ್ಯಕ್ರಮಕ್ಕೆ ಕರ್ನಾಟಕದಲ್ಲಿ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಬಿಜಾಪುರವೂ ಒಂದು. ಸುಮಾರು ಹತ್ತು ಹಳ್ಳಿಗೆ ಒಬ್ಬ ಸಹಯೋಗಿನಿ, ಅಂದರೆ ಊರೂರಿಗೆ ಹೋಗುವ ಕಾರ್ಯಕರ್ತೆ. ಅವಳ ಚೀಲದಲ್ಲಿ ಸಿದ್ಧ ಸಂದೇಶವಿರಲಿಲ್ಲ, ತಲುಪಬೇಕಾದ ಗುರಿಯ ಸಂಖ್ಯೆಯೂ ಇರಲಿಲ್ಲ. ಊರಿನ ದಲಿತ, ಕೂಲಿ ಹೆಣ್ಣುಮಕ್ಕಳು ಸಂಘದಲ್ಲಿ ಕೂತು ತಮಗೆ ಯಾವುದು ಸಮಸ್ಯೆ ಎಂದು ಗೊತ್ತುಮಾಡಬೇಕಿತ್ತು: ನೀರೋ, ಕೂಲಿಯೋ, ಬಾಲ್ಯವಿವಾಹವೋ. ಸರಕಾರಿ ಕಾರ್ಯಕ್ರಮವೊಂದು ಹೀಗೆ ಯೋಚಿಸಿದ್ದೇ ದೊಡ್ಡದು. ಗುರಿಯ ಸಂಖ್ಯೆ ಇಲ್ಲದ ಕಾರ್ಯಕ್ರಮಕ್ಕೆ ಹಣ ಬೇಡುವುದು ಮಾತ್ರ ಕಷ್ಟ.

ಬೆಳಗಾವಿ ಜಿಲ್ಲೆಯ ಘಟಪ್ರಭಾದ ‘ಮಾಸ್’ ಅನ್ನು, ಅಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು, ಇದರ ಪಕ್ಕದಲ್ಲಿಟ್ಟು ನೋಡಿ. ದೇವದಾಸಿ ಪದ್ಧತಿ ನಿಷೇಧಿಸುವ ರಾಜ್ಯದ ಕಾಯ್ದೆ 1982ರಲ್ಲೇ ಬಂತು. ಆದರೆ ಮಗಳಿಗೆ ಮುತ್ತು ಕಟ್ಟಬೇಡ ಎಂದು ಒಬ್ಬ ತಾಯಿಗೆ ಯಾರು ಹೇಳಿದರೆ ಕೇಳುತ್ತಾಳೆ? ‘ಮಾಸ್’ 1997ರಲ್ಲಿ ಹುಟ್ಟಿತು, ನಡೆಸುವವರು ಆ ಬದುಕನ್ನು ಕಂಡುಂಡ ಮಹಿಳೆಯರೇ. ಅದರ ಮುಂಚೂಣಿಯಲ್ಲಿದ್ದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹೇಳುವವರು ಮತ್ತು ಕೇಳುವವರ ನಡುವೆ ಜಾತಿ, ಅನುಭವ, ಭಾಷೆ ಒಂದೇ ಆದಾಗ ಪೋಸ್ಟರ್ ಮಾಡಲಾಗದ್ದನ್ನು ಮಾತು ಮಾಡುತ್ತದೆ.

ಜಾನಪದ ಮಾಧ್ಯಮ: ಹರದೇಶಿ–ನಾಗೇಶಿಯನ್ನು ಕೆಡಿಸುವುದು ಹೇಗೆ

ಈ ಭಾಗದ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಜಾನಪದ ಮಾಧ್ಯಮ ಎಂದಾಕ್ಷಣ ನೋಟ್ಸಿನಲ್ಲಿ ಬರುವ ಸಾಲು: ‘ಜನರಿಗೆ ಹತ್ತಿರ, ಖರ್ಚು ಕಡಿಮೆ, ಸಂದೇಶ ಸೇರಿಸುವುದು ಸುಲಭ.’ ನಮ್ಮ ಲಾವಣಿ ಪರಂಪರೆಯನ್ನು ನೋಡಿ. ಹರದೇಶಿ ಮೇಳದವರು ಗಂಡು ಹೆಚ್ಚು ಎನ್ನುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನುತ್ತಾರೆ. ಡಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲು–ಜವಾಬು. ಒಂದು ಮೇಳ ಒಗಟು ಎಸೆದರೆ ಇನ್ನೊಂದು ಬಿಡಿಸಲೇಬೇಕು, ಬಿಡಿಸದಿದ್ದರೆ ಊರ ಮುಂದೆ ಸೋಲು. ಇಡೀ ಕಲೆ ನಿಂತಿರುವುದೇ ಮರುಮಾತಿನ ಮೇಲೆ. ರಾಮದುರ್ಗ ತಾಲ್ಲೂಕಿನ ಹುಲಕುಂದದ ಭೀಮಕವಿಯ ಗೀಗೀ ಪದಗಳು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಜನರನ್ನು ಹಿಡಿದದ್ದು ಹಾಡುವವರೂ ಕೇಳುವವರೂ ಒಂದೇ ಜಗಳದಲ್ಲಿ ಇದ್ದುದರಿಂದ.

ಈಗ ಇಲಾಖೆಯೊಂದು ಬಂದು ಶೌಚಾಲಯದ ಮೇಲೆ ಹದಿನೈದು ನಿಮಿಷದ ಗೀಗೀ ಪದ ಹಾಡಿ ಎಂದರೆ ಏನಾಗುತ್ತದೆ? ಎದುರು ಮೇಳ ಇಲ್ಲ, ಸವಾಲು ಇಲ್ಲ. ಡಪ್ಪು ಉಳಿಯಿತು, ಜವಾಬು ಹೋಯಿತು. ಶೌಚಾಲಯ ಕಟ್ಟಿದರೂ ನೀರೆಲ್ಲಿ ಎಂದು ನಾಗೇಶಿ ಮೇಳ ಕೇಳುವಂತಿದ್ದರೆ ಅದು ಸಂವಹನ. ಪರೀಕ್ಷೆಯಲ್ಲಿ ‘ಜಾನಪದ ಮಾಧ್ಯಮದ ಮಿತಿಗಳು’ ಎಂದು ಕೇಳಿದಾಗ ಮಿತಿ ಮಾಧ್ಯಮದ್ದೋ ಬಳಸಿದವರದ್ದೋ ಎಂದು ಬರೆಯಿರಿ.

ಒಂದು ಊರು, ಸೀಮೆಯ ಜನರಿಗಾಗಿ ನಡೆಯುವ ಸಣ್ಣ ಬಾನುಲಿಗೂ, ಅಂದರೆ ಸಮುದಾಯ ರೇಡಿಯೊಗೂ ಇದೇ ಅಳತೆ. ಗಾಳಿಯಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ, ಸಂಘ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ಮಾರ್ಗಸೂಚಿ. ಬೆಳಗಾವಿಯಲ್ಲಿ ಕೆಎಲ್‌ಇ ವೇಣುಧ್ವನಿ ಇದೆ, ಕೇಳಿ. ಕೇಳುವಾಗ ಮಾತಾಡುತ್ತಿರುವವರು ಯಾರು ಎಂದು ಒಂದು ವಾರ ಪಟ್ಟಿ ಮಾಡಿ. ಚೆಂದದ ಸೆಮಿನಾರ್ ಪತ್ರಿಕೆ ಸಿದ್ಧವಾಗುತ್ತದೆ.

ಆಲಮಟ್ಟಿ: ನೋಟಿಸೂ ಸಂವಹನವೇ

ಬಾಗಲಕೋಟೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಆಲಮಟ್ಟಿ ಅಣೆಕಟ್ಟೆಯ ನೀರು 519.6 ಮೀಟರ್‌ಗೆ ನಿಂತಾಗ ಹಳೆಯ ಊರಿನ ಎಷ್ಟೋ ಓಣಿಗಳು ಹೋದವು, ನವನಗರ ಎದ್ದಿತು. ಕೃಷ್ಣಾ ನದಿ ನೀರು ಹಂಚುವ ಎರಡನೇ ನ್ಯಾಯಾಧಿಕರಣ 2010ರಲ್ಲಿ 524.256 ಮೀಟರ್‌ಗೆ ಒಪ್ಪಿದೆ, ಹಾಗಾಗಿ ವಿಷಯ ಇನ್ನೂ ಮುಗಿದಿಲ್ಲ. 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ರಾಜ್ಯಪತ್ರದಲ್ಲಿ, ಎರಡು ದಿನಪತ್ರಿಕೆಗಳಲ್ಲಿ ಪ್ರಕಟಿಸಿ ಊರಲ್ಲಿ ತಿಳಿಸಿದರೆ ತಿಳಿಸಿದಂತೆ. ಆಕ್ಷೇಪಕ್ಕೆ 30 ದಿನ ಇತ್ತು. ಅದರ ಬದಲು ಬಂದ 2013ರ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ, ಸ್ಥಳೀಯ ಭಾಷೆಯಲ್ಲಿ ವರದಿ, ಸಾರ್ವಜನಿಕ ಅಹವಾಲು ಸೇರಿಸಿತು, ಆಕ್ಷೇಪಕ್ಕೆ 60 ದಿನ ಕೊಟ್ಟಿತು. ಎರಡು ಕಾಯ್ದೆಗಳನ್ನು ಸಂವಹನ ಸಿದ್ಧಾಂತಗಳಂತೆ ಅಕ್ಕಪಕ್ಕ ಇಟ್ಟು ಓದಿ: ಮೊದಲನೆಯದು ಶ್ರಾಮ್‌ನ ಕಾಲದ್ದು ಅನ್ನಿಸುತ್ತದೆ, ಎರಡನೆಯದರಲ್ಲಿ ಫ್ರೇರೆಯ ನೆರಳಿದೆ. ಆದರೆ ಅಹವಾಲು ಸಭೆಯಲ್ಲಿ ಎಲ್ಲರೂ ಮಾತಾಡಿ, ಸಹಿ ಹಾಕಿ, ಚಹಾ ಕುಡಿದು ಎದ್ದ ಮೇಲೂ ತೀರ್ಮಾನದ ಒಂದಕ್ಷರ ಬದಲಾಗದಿದ್ದರೆ ಪಾಲ್ಗೊಳ್ಳುವಿಕೆ ಎಂಬುದು ಹಾಜರಿ ಪುಸ್ತಕ ಅಷ್ಟೇ.

ಪ್ರಬಂಧಕ್ಕೆ ಹೊರಡುವವರಿಗೆ

ಗುಂಪು ಚರ್ಚೆಯನ್ನು ಪಂಚಾಯಿತಿ ಕಟ್ಟಡದಲ್ಲಿ ಇಡಬೇಡಿ, ಅಲ್ಲಿ ಅಧ್ಯಕ್ಷರೊಬ್ಬರೇ ಮಾತಾಡುತ್ತಾರೆ. ಹೆಣ್ಣುಮಕ್ಕಳ ಜೊತೆ ಬೇರೆ ಕೂತುಕೊಳ್ಳಿ, ಕೇರಿಗೆ ಬೇರೆ ಹೋಗಿ. ಅವರು ‘ಹಂಗಲ್ಲ ಬಿಡ್ರಿ’ ಎಂದರೆ ಹಾಗೇ ಬರೆದುಕೊಳ್ಳಿ, ಗ್ರಂಥಸ್ಥ ಕನ್ನಡಕ್ಕೆ ತಿದ್ದಿದರೆ ಅರ್ಧ ಅರ್ಥ ಹೋಗುತ್ತದೆ. ಕರಡು ಸಿದ್ಧವಾದ ಮೇಲೆ ಮತ್ತೆ ಊರಿಗೆ ಹೋಗಿ ಮುಖ್ಯ ಭಾಗ ಓದಿ ಹೇಳಿ, ಅವರು ಒಪ್ಪದ್ದನ್ನು ಅನುಬಂಧದಲ್ಲಿ ಸೇರಿಸಿ. ಈ ಎರಡನೇ ಭೇಟಿಗೆ ವೇಳಾಪಟ್ಟಿಯಲ್ಲಿ ಮೊದಲೇ ಜಾಗ ಇಟ್ಟುಕೊಳ್ಳಿ. ಹಿಂಗಾರಿ ಜೋಳದ ಕೊಯ್ಲಿನ ದಿನಗಳಲ್ಲಿ ಮಾತ್ರ ಬೇಡ, ಹಗಲು ಊರಲ್ಲಿ ಯಾರೂ ಸಿಗುವುದಿಲ್ಲ.