ಕ್ಲಚ್ ಲೈನ್ ಬದಲಾಯಿಸಿದ ಮೇಲೆ ಪೆಡಲ್ ಪಂಪ್ ಮಾಡಿದರೆ ಸಾಲದೇ?

ಪ್ರಶ್ನೆ: ಕಾರಿನ ಹೈಡ್ರಾಲಿಕ್ ಕ್ಲಚ್ ಲೈನ್, ಅಂದರೆ ಆಯಿಲ್ ಹೋಗುವ ಪೈಪ್, ಮನೆಯಲ್ಲೇ ಬದಲಾಯಿಸಿದೆ. ಪೆಡಲ್ ನೆಲಕ್ಕೆ ಹೋಗಿ ಕೂತಿದೆ, ಗೇರ್ ಬೀಳುತ್ತಿಲ್ಲ. ನೂರು ಸಲ ಪಂಪ್ ಮಾಡಿದರೆ ಗಾಳಿ ತಾನಾಗಿಯೇ ಹೋಗುತ್ತದಂತೆ, ಹೌದೇ?

ಇಲ್ಲ. ರಾತ್ರಿಯಿಡೀ ಪೆಡಲ್‌ಗೆ ಕೋಲು ಕೊಟ್ಟು ಒತ್ತಿಟ್ಟರೂ ಇಲ್ಲ, ನಾಲ್ಕು ದಿನ ಓಡಿಸಿದರೂ ಇಲ್ಲ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತದೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ನೋಡೋಣ.

ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಒಳವ್ಯಾಸ 15.87 ಮಿ.ಮೀ., ಪಿಸ್ಟನ್ ಓಡಾಟ 30 ಮಿ.ಮೀ. ಎಂದಿಟ್ಟುಕೊಳ್ಳಿ. ಒಂದು ತುಳಿತಕ್ಕೆ ಹೊರಡುವ ಆಯಿಲ್ ಸುಮಾರು 6 ಮಿ.ಲೀ. ಲೈನ್‌ನ ಒಳವ್ಯಾಸ 5 ಮಿ.ಮೀ. ಇದ್ದರೆ ಅಷ್ಟು ಆಯಿಲ್ ಅದರೊಳಗೆ ಸುಮಾರು 30 ಸೆಂ.ಮೀ. ಸರಿಯುತ್ತದೆ. ಕಾಲು ತೆಗೆದರೆ ಬಂದ ದಾರಿಯಲ್ಲೇ ವಾಪಸ್. ನಡುವೆ ಸಿಕ್ಕಿದ ಗುಳ್ಳೆ ಒತ್ತಿದಾಗ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ, ಇದ್ದಲ್ಲೇ ಜೀಕುತ್ತಿರುತ್ತದೆ. ಆಯಿಲ್ ಡಬ್ಬಿಗೆ ಹೋಗುವ ಸಣ್ಣ ರಂಧ್ರ ತೆರೆಯುವುದು ಪೆಡಲ್ ಪೂರ್ತಿ ಮೇಲೆ ಬಂದಾಗ ಮಾತ್ರ. ಗುಳ್ಳೆ ಸಾಮಾನ್ಯವಾಗಿ ಅಲ್ಲಿಯವರೆಗೆ ತಲುಪುವುದಿಲ್ಲ. ಹೊಸ ಲೈನ್ ಖಾಲಿ ಇರುತ್ತದೆ ಎಂಬುದನ್ನೂ ಮರೆಯಬೇಡಿ: ಒಂದು ಮೀಟರ್ ಉದ್ದಕ್ಕೆ ಹತ್ತಿರಹತ್ತಿರ 20 ಮಿ.ಲೀ. ಗಾಳಿ. ‘ಸ್ವಲ್ಪ ಗಾಳಿ’ ಎನ್ನುವ ಮಾತೇ ಇಲ್ಲ.

ಒಂದೇ ಒಂದು ಮಿ.ಲೀ. ಉಳಿದರೂ ಏನಾಗುತ್ತದೆ? ಲೈನ್‌ನ ಇನ್ನೊಂದು ತುದಿಯಲ್ಲಿ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್‌ನ ಒಳವ್ಯಾಸ 20 ಮಿ.ಮೀ. ಇದ್ದರೆ ಅದರ ಓಡಾಟದಲ್ಲಿ 3 ಮಿ.ಮೀ. ಕಡಿಮೆ. ಕ್ಲಚ್ ಪ್ಲೇಟ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ರಿವರ್ಸ್ ಹಾಕಿದಾಗ ಗರಗರ ಸದ್ದು ಬರುತ್ತದೆ. ಆಗ ಗೇರ್‌ಬಾಕ್ಸ್ ಹೋಯಿತೆಂದು ಗಾಬರಿ ಬೀಳುವವರೂ ಇದ್ದಾರೆ.

ಈ ನಂಬಿಕೆ ಹುಟ್ಟಿದ್ದಕ್ಕೂ ಒಂದು ಕಾರಣವಿದೆ. ಬೇಗ ಬೇಗ ತುಳಿದಾಗ, ಹಿಂದೆ ಬರುವ ಪಿಸ್ಟನ್ ಸೀಲ್ ಪಕ್ಕದಿಂದ ಸ್ವಲ್ಪ ಹೆಚ್ಚುವರಿ ಆಯಿಲ್ ಎಳೆದುಕೊಳ್ಳುತ್ತದೆ. ಅದು ಗಾಳಿಯನ್ನು ಅದುಮಿ ಹಿಡಿಯುವುದರಿಂದ ಪೆಡಲ್ ಗಟ್ಟಿಯಾದಂತೆ ಕಾಣುತ್ತದೆ, ಗೇರ್ ಕೂಡ ಬೀಳುತ್ತದೆ. ಐದು ನಿಮಿಷ ಬಿಟ್ಟು ತುಳಿದು ನೋಡಿ, ಮತ್ತೆ ಮೆತ್ತಗೆ. ಸಾಲದ್ದಕ್ಕೆ ಜೋರು ಪಂಪಿಂಗ್‌ನಿಂದ ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತದೆ. ನೊರೆ ತೆಗೆಯುವುದು ಇನ್ನೂ ಕಷ್ಟ.

ಲೈನ್ ಕೂರಿಸುವುದು ದೊಡ್ಡ ವಿದ್ಯೆಯೇನಲ್ಲ. ನಟ್ ಬಿಚ್ಚಲು ಫ್ಲೇರ್ ನಟ್ ಸ್ಪ್ಯಾನರ್ ಬೇಕು, ಸಾಮಾನ್ಯ ಓಪನ್ ಸ್ಪ್ಯಾನರ್ ನಟ್‌ನ ಮೂಲೆ ಸವೆಸುತ್ತದೆ. ಹೊಸ ನಟ್ಟನ್ನು ಮೊದಲ ಮೂರು ಸುತ್ತು ಬೆರಳಲ್ಲೇ ತಿರುಗಿಸಿ, ಬಿಗಿಯೆನಿಸಿದರೆ ಅಡ್ಡ ಕೂತಿದೆ ಎಂದರ್ಥ. ಟೆಫ್ಲಾನ್ ಟೇಪ್ ಸುತ್ತಬೇಡಿ. ಸೋರಿಕೆ ತಡೆಯುವುದು ಪೈಪ್ ತುದಿಯ ಫ್ಲೇರ್ (ಅಗಲಿಸಿದ ಅಂಚು), ಥ್ರೆಡ್ ಅಲ್ಲ. ಬ್ಯಾಂಜೋ ಬೋಲ್ಟ್ (ಆಯಿಲ್ ಹರಿಯಲು ಒಳಗೆ ತೂತಿರುವ ಬೋಲ್ಟ್) ಇದ್ದರೆ ಎರಡೂ ತಾಮ್ರದ ವಾಷರ್ ಹೊಸದು ಹಾಕಿ. ಕಾರಿನ ಪೇಂಟ್ ಮೇಲೆ ಆಯಿಲ್ ಬಿದ್ದರೆ ಕೂಡಲೇ ನೀರು ಸುರಿದು ತೊಳೆಯಿರಿ, ಬಟ್ಟೆಯಿಂದ ಒರೆಸಿ ಹರಡಬೇಡಿ.

ಈಗ ಗಾಳಿ ತೆಗೆಯುವ ಕೆಲಸ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದೇ ಬ್ರೇಕ್ ಆಯಿಲ್, ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4, ಸೀಲ್ ಒಡೆಯದ ಅರ್ಧ ಲೀಟರ್ ಬಾಟಲಿ ಸಾಕು. ಡಾಟ್ 5 ಸಿಲಿಕೋನ್, ಅದನ್ನು ಇದಕ್ಕೆ ಬೆರೆಸುವಂತಿಲ್ಲ. ಸ್ಲೇವ್‌ನ ಬ್ಲೀಡ್ ನಿಪ್ಪಲ್‌ಗೆ (ಗಾಳಿ ಹೊರಬಿಡುವ ತಿರುಪಿಗೆ) ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ನಿಧಾನವಾಗಿ ಪೆಡಲ್ ತುಳಿದು ಹಿಡಿಯಲಿ, ನೀವು ನಿಪ್ಪಲ್ ಅರ್ಧ ಸುತ್ತು ಬಿಚ್ಚಿ ಬಿಗಿ ಮಾಡಿ, ಆಮೇಲೆಯೇ ಪೆಡಲ್ ಬಿಡಬೇಕು. ಈ ಕ್ರಮ ತಪ್ಪಿದರೆ ಹೊರಗಿನ ಗಾಳಿಯನ್ನು ನೀವೇ ಒಳಗೆಳೆದುಕೊಂಡಂತೆ. ಶುರುವಿನಲ್ಲಿ ಪೆಡಲ್ ತಾನಾಗಿ ಮೇಲೇಳುವುದಿಲ್ಲ, ಕೈಯಿಂದಲೇ ಎತ್ತಿ. ನಾಲ್ಕೈದು ತುಳಿತಕ್ಕೊಮ್ಮೆ ಡಬ್ಬಿ ನೋಡಿ ತುಂಬಿಸುತ್ತಿರಿ.

ಲೈನ್ ನಡುವೆ ಗೂನಿನಂತೆ ಮೇಲೆದ್ದಿದ್ದರೆ ಗುಳ್ಳೆ ಆ ಗೂನಿನಲ್ಲೇ ಕೂತಿರುತ್ತದೆ. ಆಗ ಡಬ್ಬಿಯಿಂದ ಸ್ವಲ್ಪ ಆಯಿಲ್ ತೆಗೆದು ಜಾಗ ಮಾಡಿ, ಸಿರಿಂಜ್‌ನಿಂದ ನಿಪ್ಪಲ್ ಮೂಲಕ ಕೆಳಗಿನಿಂದ ಮೇಲಕ್ಕೆ ಆಯಿಲ್ ತಳ್ಳಿ.

ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ: ಡಬ್ಬಿ ಒಂದೇ ಆದ ಮಾತ್ರಕ್ಕೆ ಬ್ರೇಕ್‌ನ ಗಾಳಿಯನ್ನೂ ತೆಗೆಯಬೇಕಿಲ್ಲ. ಕ್ಲಚ್‌ಗೆ ಹೋಗುವ ಪೈಪ್ ಡಬ್ಬಿಯಲ್ಲಿ ಬ್ರೇಕ್‌ನದಕ್ಕಿಂತ ಮೇಲಿರುತ್ತದೆ. ಕ್ಲಚ್ ಸೋರಿದರೂ ಬ್ರೇಕ್‌ಗೆ ಆಯಿಲ್ ಉಳಿಯಲೆಂದೇ ಆ ಏರ್ಪಾಡು. ಮಟ್ಟ ಬ್ರೇಕ್‌ನ ರಂಧ್ರಕ್ಕಿಂತ ಕೆಳಗಿಳಿದಿದ್ದರೆ ಮಾತ್ರ ಆ ಕೆಲಸ. ಹಾಗೆಯೇ, ‘ಪ್ಲೇಟ್ ಸವೆದಂತೆ ಕ್ಲಚ್ ಆಯಿಲ್ ಇಳಿಯುತ್ತದೆ’ ಎಂಬುದೂ ಸುಳ್ಳು. ಬ್ರೇಕ್ ಪ್ಯಾಡ್ ಸವೆದರೆ ಮಟ್ಟ ಇಳಿಯುವುದು ನಿಜ. ಕ್ಲಚ್ ಪ್ಲೇಟ್ ಸವೆದಾಗಲೋ ಸಾಮಾನ್ಯವಾಗಿ ಸ್ಲೇವ್ ಪಿಸ್ಟನ್ ಒಳಕ್ಕೆ ತಳ್ಳಲ್ಪಟ್ಟು ಆಯಿಲ್ ಡಬ್ಬಿಗೇ ವಾಪಸ್ ಬರುತ್ತದೆ. ಪ್ರತ್ಯೇಕ ಡಬ್ಬಿಯಿರುವ ಕ್ಲಚ್‌ನಲ್ಲಿ ಮಟ್ಟ ಇಳಿದಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಪೆಡಲ್‌ನ ಮೇಲ್ಭಾಗದಲ್ಲಿ ಪಿಸ್ಟನ್ ತಳ್ಳುವ ಪುಶ್‌ರಾಡ್ ಮಾಸ್ಟರ್ ಸಿಲಿಂಡರ್‌ಗೆ ಹೋಗುವ ಕಡೆ, ಮತ್ತು ಸ್ಲೇವ್‌ನ ರಬ್ಬರ್ ಬೂಟ್ ಒಳಗೆ ಒದ್ದೆಯಿದೆಯೇ ಎಂದು ಬೆರಳಿಟ್ಟು ನೋಡಿ.