ಕುಂಡದ ಹಳದಿ ಅಣಬೆ ಮತ್ತು ಪ್ರಾಗ್‌ನ ತೋಟದ ಅಧಿಕಾರಿ

ಪುಣೆಯಲ್ಲಿ ಮಳೆ ಹಿಡಿದರೆ ಬಾಲ್ಕನಿಯ ಕುಂಡಗಳಲ್ಲಿ ನಿಂಬೆ ಬಣ್ಣದ ಪುಟ್ಟ ಅಣಬೆಗಳು ಏಳುತ್ತವೆ. ಕೋಥರೂಡ್‌ನ ನಮ್ಮ ಕನ್ನಡ ಬಳಗದಲ್ಲಿ ಆಗ ಒಂದೇ ಪ್ರಶ್ನೆ: "ಅಕ್ಕಾ, ಇದರಿಂದ ತುಳಸಿಗೆ ಏನಾದ್ರೂ ಆಗುತ್ತಾ?" ಏನೂ ಆಗುವುದಿಲ್ಲ. ಅದು ತಿನ್ನುವುದು ಕೊಳೆತ ಎಲೆ, ಗೊಬ್ಬರ, ಕೋಕೋಪೀಟ್. ಬೇರಿನ ತಂಟೆಗೆ ಹೋಗುವುದಿಲ್ಲ. ನಾವು ಮಾತ್ರ ಅದನ್ನು ತಿನ್ನಬಾರದು, ಹೊಟ್ಟೆ ಕೆಡುತ್ತದೆ. ಮಕ್ಕಳಿರುವ ಮನೆಯಲ್ಲಿ ಕಿತ್ತು ಬಿಸಾಕುವುದೇ ವಾಸಿ.

ಇದರ ಹೆಸರು ಲ್ಯೂಕೊಕೊಪ್ರೈನಸ್ ಬಿರ್ನ್‌ಬೌಮಿ. ಬೆಚ್ಚಗಿನ, ತೇವದ ನಾಡುಗಳ ಅಣಬೆ ಇದು. ಆದರೆ ಹೆಸರು ಸಿಕ್ಕಿದ್ದು ಚಳಿಯ ಯುರೋಪಿನಲ್ಲಿ. ಅಲ್ಲಿನ ಸಿರಿವಂತರು ಗಾಜಿನ ಮನೆ ಕಟ್ಟಿ, ಬಿಸಿ ಮಾಡಿ, ದೂರದ ಗಿಡಗಳನ್ನು ಸಾಕುತ್ತಿದ್ದರು. ಗಿಡದ ಜೊತೆ ಮಣ್ಣು ಬಂತು, ಮಣ್ಣಿನ ಜೊತೆ ಅಣಬೆ ಬಂತು. 1788ರಲ್ಲಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ನಿಸರ್ಗಪ್ರೇಮಿ ಜೇಮ್ಸ್ ಬೋಲ್ಟನ್ ಇದನ್ನು ಅಗಾರಿಕಸ್ ಲೂಟಿಯಸ್ ಎಂದು ಕರೆದರು. ಆದರೆ ಆ ಹೆಸರು ಅದಾಗಲೇ ಬೇರೊಂದು ಅಣಬೆಗೆ ಹೋಗಿತ್ತು. ಒಂದು ಹೆಸರು ಎರಡು ಅಣಬೆಗೆ ಸಲ್ಲದು ಎನ್ನುವುದು ನಿಯಮ. ಹಾಗಾಗಿ ಬೋಲ್ಟನ್ ಮೊದಲಿಗರಾದರೂ ಅವರ ಹೆಸರು ನಿಲ್ಲಲಿಲ್ಲ. 1839ರಲ್ಲಿ ಪ್ರಾಗ್‌ನ ಅಣಬೆ ತಜ್ಞ ಕೊರ್ಡಾ, ಅಲ್ಲಿನ ಗಾಜಿನ ಮನೆಯಲ್ಲಿ ಇದನ್ನು ಕಂಡ ಬಿರ್ನ್‌ಬೌಮ್ ಎಂಬ ತೋಟದ ಅಧಿಕಾರಿಯ ಹೆಸರಿಟ್ಟರು. ಅದು ಉಳಿಯಿತು. ಬೋಲ್ಟನ್‌ಗೆ ಅನ್ಯಾಯವಾಯಿತು ಅಂತ ನನಗೆ ಈಗಲೂ ಅನಿಸುತ್ತದೆ. ನಿಯಮಕ್ಕೆ ಕರುಣೆ ಇಲ್ಲ, ಅಷ್ಟೇ.

ಕುಲದ ಹೆಸರಿನದು, ಅಂದರೆ ಮೊದಲ ಪದದ್ದು, ಬೇರೆಯೇ ಕಥೆ. ಆಗ ಅಗಾರಿಕಸ್ ಎಂದರೆ ಎಲ್ಲ ಬೇಳೆಯನ್ನೂ ಸುರಿದಿಟ್ಟ ಒಂದೇ ಡಬ್ಬಿ. ಕೊಡೆಯ ಅಡಿಯಲ್ಲಿ ಪದರಗಳಿದ್ದರೆ ಸಾಕು, ಅದರೊಳಗೆ ಜಾಗ. ಆಮೇಲೆ ಬೀಜಕಣದ ಬಣ್ಣ ನೋಡಿ ಬೇರೆ ಮಾಡತೊಡಗಿದರು. ಇದನ್ನು ನೀವೂ ನೋಡಬಹುದು. ಅರಳಿದ ಕೊಡೆಯನ್ನು ಕಪ್ಪು ಕಾಗದದ ಮೇಲೆ ಕವುಚಿ, ಬಟ್ಟಲು ಮುಚ್ಚಿಡಿ. ಬೆಳಿಗ್ಗೆ ಬಿಳಿ ಪುಡಿ ಉದುರಿರುತ್ತದೆ, ಅದೇ ಬೀಜಕಣ. ಅಂಗಡಿಯಲ್ಲಿ ಸಿಗುವ ಬಟನ್ ಅಣಬೆ ಈಗಲೂ ಅಗಾರಿಕಸ್, ಅದರ ಪುಡಿ ಕಡು ಕಂದು. ಬಿಳಿ ಪುಡಿಯ ನಮ್ಮ ಹಳದಿಯನ್ನು ಲೆಪಿಯೋಟ ಎಂಬ ಇನ್ನೊಂದು ಕುಲಕ್ಕೆ ಸಾಗಿಸಿದರು. ಕೊಡೆ ತೆಳು, ಅಂಚಿನಲ್ಲಿ ನೆರಿಗೆ ಎಂದು ಅಲ್ಲಿಂದಲೂ ಎಬ್ಬಿಸಿದರು. 1962ರಲ್ಲಿ ಅಣಬೆ ತಜ್ಞ ರೋಲ್ಫ್ ಸಿಂಗರ್ ಈಗಿನ ಹೆಸರಿಗೆ ತಂದರು.

ಬಣ್ಣದ ಗುಟ್ಟು ಸಿಕ್ಕಿದ್ದು ತೀರಾ ಈಚೆಗೆ. 2005ರಲ್ಲಿ ರಸಾಯನ ವಿಜ್ಞಾನಿಗಳು ಆ ಹಳದಿಯನ್ನು ಬೇರ್ಪಡಿಸಿ ಬಿರ್ನ್‌ಬೌಮಿನ್ ಎಂದು ಕರೆದರು. ತೋಟದ ಅಧಿಕಾರಿಗೆ ಇನ್ನೊಂದು ಬೋನಸ್!

ಅಲೆದಾಟ ಇಲ್ಲಿಗೆ ಮುಗಿಯಿತೇ? ಅನುಮಾನವೇ. ಲ್ಯೂಕೊಕೊಪ್ರೈನಸ್ ಮತ್ತು ಲ್ಯೂಕೊಅಗಾರಿಕಸ್ ಎರಡು ಕುಲ ಅಂದುಕೊಂಡಿದ್ದರು. ಡಿಎನ್‌ಎ ನೋಡಿದರೆ ಎರಡರ ಪ್ರಭೇದಗಳೂ ಒಂದರೊಳಗೊಂದು ಬೆರೆತಿವೆ. ಅಮೆರಿಕ ಖಂಡಗಳಲ್ಲಿ ಎಲೆ ಕತ್ತರಿಸುವ ಇರುವೆಗಳು ಗೂಡಿನಲ್ಲಿ ಬೆಳೆಸಿಕೊಳ್ಳುವ ಅಣಬೆಯೂ ಇದೇ ಬಳಗದ್ದು. ಗಡಿ ಮತ್ತೆ ಎಳೆದರೆ ಹೆಸರಿನ ಮೊದಲ ಭಾಗ ಬದಲಾದೀತು. ಎರಡನೆಯ ಭಾಗವಾದ ಬಿರ್ನ್‌ಬೌಮಿ ಮಾತ್ರ, ಮೊದಲು ಸರಿಯಾಗಿ ಇಟ್ಟ ಹೆಸರೇ ಉಳಿಯಬೇಕು ಎನ್ನುವ ನಿಯಮದ ಬಲದಿಂದ, ಹೊಸ ಕುಲಕ್ಕೂ ಜೊತೆಗೇ ಹೋಗುತ್ತದೆ.