ಆಂಪ್ ಹಚ್ಚಿದ ಕೂಡಲೇ ಗುಂಯ್ ಅನ್ನುತ್ತದೆ, ಪಿಕಪ್ ಬದಲಿಸಬೇಕೇ?

ಪ್ರಶ್ನೆ: ಕಲಬುರಗಿಯಾಗ ಇರ್ತೀನ್ರಿ. ಸ್ಟ್ರಾಟ್ ಮಾದರಿ ಗಿಟಾರ್ ಅದ, 20 ವ್ಯಾಟ್ ಆಂಪ್ ಅದ. ಆಂಪ್ ಹಚ್ಚಿದ ಕೂಡ್ಲೆ ಗುಂಯ್ ಅಂತದ. ತಂತಿ ಮುಟ್ಟಿದ್ರ ಕಮ್ಮಿ ಆಗ್ತದ, ಕೈ ತೆಗೆದ್ರ ಮತ್ತ ಶುರು. ಬ್ಯಾಸಿಗ್ಯಾಗ ಇನ್ನೂ ಜಾಸ್ತಿ. ಒಂದೊಂದು ಸಲ ಬೆರಳಿಗೆ ಜುಮ್ ಅಂತದ. ಪಿಕಪ್ ಬದಲಿಸ್ರಿ, ಹಮ್‌ಬಕರ್ ಹಾಕಿಸ್ರಿ ಅಂತ ಗೆಳ್ಯಾರು ಹೇಳ್ತಾರ. ಹಾಕಿಸ್ಲೇನ್ರಿ?

ಉತ್ತರ: ಈಗಲೇ ಬೇಡ್ರಿ. (ಪಿಕಪ್ ಅಂದರೆ ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಭಾಗ. ಹಮ್‌ಬಕರ್ ಅಂದರೆ ಗುಂಯ್ ಕಮ್ಮಿ ಮಾಡುವ ಒಂದು ಬಗೆಯ ಪಿಕಪ್.) ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಗುಂಯ್ ಸದ್ದಿನ ಬಗ್ಗೆ ಉದ್ದಕ್ಕೆ ಹೇಳಿ, ಜುಮ್ ಅನ್ನುವುದನ್ನು ಕೊನೆಗೆ ಹಾಗೇ ಸೇರಿಸುತ್ತಾರೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಬೆರಳಿಗೆ ಜುಮ್ ಅನ್ನುವುದು ನಿಲ್ಲುವ ತನಕ ಆ ಆಂಪ್‌ಗೆ ಗಿಟಾರ್ ಸಿಕ್ಕಿಸಲೇಬೇಡಿ.

ಗಿಟಾರ್ ಒಳಗೆ ಬ್ರಿಜ್‌ನಿಂದ, ಅಂದರೆ ತಂತಿಗಳು ಕೂರುವ ಲೋಹದ ಪಟ್ಟಿಯಿಂದ, ಒಂದು ಸಣ್ಣ ವೈರ್ ಹೊರಡುತ್ತದೆ. ಅದು ಜ್ಯಾಕ್ ಸೇರಿ, ಕೇಬಲ್‌ನ ಹೊರ ಹೆಣಿಗೆಯ ಮೂಲಕ ಆಂಪ್‌ನ ಲೋಹದ ಚಾಸಿಗೆ, ಅಂದರೆ ಒಳಗಿನ ಚೌಕಟ್ಟಿಗೆ ಹೋಗುತ್ತದೆ. ಅಲ್ಲಿಂದ ಪ್ಲಗ್ಗಿನ ಮೂರನೇ ಪಿನ್ನಿಗೆ. ಅಂದರೆ ತಂತಿ ಹಿಡಿದಿರಿ ಅಂದರೆ ಆಂಪ್‌ನ ಚಾಸಿಯನ್ನೇ ಹಿಡಿದಿರಿ. ಚಾಸಿಗೆ ಎಲ್ಲೋ ಕರೆಂಟ್ ಸೋರುತ್ತಿದೆ, ಮೂರನೇ ಪಿನ್ ಅದನ್ನು ಭೂಮಿಗೆ ಇಳಿಸುತ್ತಿಲ್ಲ ಅಂದುಕೊಳ್ಳಿ. ಆಗ ಅದು ನಿಮ್ಮ ಮೈಯಿಂದ ಇಳಿಯಲು ನೋಡುತ್ತದೆ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ. ಬೇಸಿಗೆಯಲ್ಲಿ ತಂಪಾಗಲಿ ಅಂತ ನೀರು ಹಾಕಿ ಒರೆಸಿ, ಅದರ ಮೇಲೆ ಬರಿಗಾಲಲ್ಲಿ ಕೂತು ಬಾರಿಸುತ್ತೇವೆ. ಪಕ್ಕದಲ್ಲಿ ನೀರು ತುಂಬಿದ ತಗಡಿನ ಕೂಲರ್ ಬೇರೆ. ಒಂದು ಕೈ ತಂತಿಯ ಮೇಲೆ, ಇನ್ನೊಂದು ಕೂಲರ್ ಮೇಲೆ ಇದ್ದಾಗ ಎರಡರಲ್ಲಿ ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಸುಮ್ನೆ ಹೆದರಿಸುತ್ತಿಲ್ಲ. ಸ್ಟೋನ್ ದ ಕ್ರೋಸ್ ಅನ್ನುವ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಶಾಕ್ ಹೊಡೆದು ತೀರಿಕೊಂಡರು. ಅವರು ಮುಟ್ಟಿದ ಮೈಕ್‌ಗೆ ಅರ್ಥಿಂಗ್ ಸರಿ ಇರಲಿಲ್ಲ.

ನನ್ನ ಪ್ಲಗ್‌ಗೆ ಮೂರು ಪಿನ್ ಇದೆಯಲ್ಲ ಅಂತೀರಿ. ಪಿನ್ ಇದ್ದರೆ ಸಾಲದು, ಸಾಕೆಟ್‌ನ ಮೇಲಿನ ದೊಡ್ಡ ತೂತಿನ ಹಿಂದೆ ವೈರ್ ಇರಬೇಕು. ಹಳೆ ಮನೆಗಳಲ್ಲಿ ಎಷ್ಟೋ ಕಡೆ ಆ ತೂತು ಬರೀ ತೋರಿಕೆಗೆ. ಇನ್ನು ಕೆಲವರು ಟೂ ಪಿನ್ ಕನ್ವರ್ಟರ್ ಹಾಕಿ ಆಂಪ್ ಹಚ್ಚುತ್ತಾರೆ, ಅಲ್ಲಿಗೆ ಅರ್ಥಿಂಗ್ ಮುಗಿಯಿತು. ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅರ್ಥಿಂಗ್ ಎಳೆಯುವ ಕೆಲಸ ಉಳಿಸಲು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ತ್ ತೂತಿಗೆ ಒಂದು ತುಂಡು ವೈರ್ ಹಾಕಿಬಿಡುವುದು. ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಎಂದಾದರೂ ನ್ಯೂಟ್ರಲ್ ಕಡಿದರೆ ಆಂಪ್‌ನ ಚಾಸಿ, ಅದರ ಜೊತೆ ನಿಮ್ಮ ಗಿಟಾರ್ ತಂತಿ, ಸೀದಾ 230 ವೋಲ್ಟ್‌ಗೆ ಬಂದು ನಿಲ್ಲುತ್ತವೆ.

ಅಂದ ಹಾಗೆ, ಆ ಮೂರನೇ ಪಿನ್ ಉಳಿದ ಎರಡಕ್ಕಿಂತ ಉದ್ದ, ದಪ್ಪ ಇರುವುದು ಅಂದಕ್ಕಲ್ಲ. ಪ್ಲಗ್ ಹಾಕುವಾಗ ಅರ್ತ್ ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಅದಕ್ಕೇ ಹಾಗೆ ಮಾಡಿದ್ದಾರೆ.

ಬೇಸಿಗೆಯಲ್ಲಿ ಜಾಸ್ತಿ ಅಂದಿರಲ್ಲ, ಅದಕ್ಕೂ ಕಾರಣವಿದೆ. ಮನೆಯ ಹೊರಗೆ ಅರ್ಥಿಂಗ್ ಗುಂಡಿ ಇರುತ್ತದೆ. ಕಬ್ಬಿಣದ ಪೈಪ್ ಇಲ್ಲವೇ ತಾಮ್ರದ ಪ್ಲೇಟ್ ಹೂತು, ಸುತ್ತ ಉಪ್ಪು ಮತ್ತು ಇದ್ದಿಲು ತುಂಬಿರುತ್ತಾರೆ. ಮಣ್ಣು ಹಸಿ ಇದ್ದಷ್ಟು ಕರೆಂಟ್ ಸುಲಭವಾಗಿ ಇಳಿಯುತ್ತದೆ. ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ಈ ಕೆಲಸಕ್ಕೆ ಬಹಳ ಒಳ್ಳೆಯದು. ಏಪ್ರಿಲ್, ಮೇನಲ್ಲಿ ಅದೇ ಮಣ್ಣು ಒಣಗಿ, ಕುಗ್ಗಿ, ಬಾಯಿ ಬಿಡುತ್ತದೆ. ಪೈಪ್‌ಗೂ ಮಣ್ಣಿಗೂ ನಡುವೆ ಸಂದಿ ಬೀಳುತ್ತದೆ. ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು ನೋಡಿದ್ದೀರಲ್ಲ, ಅರ್ಥಿಂಗ್ ಗುಂಡಿಯ ಸುತ್ತಲೂ ಅದೇ ಮಣ್ಣು. ಬೀದರ್‌ನ ಜಂಬಿಟ್ಟಿಗೆ ನೆಲದವರ ಪಾಡು ಇನ್ನೂ ಕಷ್ಟ. ಅಲ್ಲಿ ನೀರು ಹಾಕಿದರೂ ಬೇಗ ಇಂಗಿ ಹೋಗುತ್ತದೆ. ಗುಂಡಿಯ ಮೇಲೆ ನೀರು ಹಾಕಲೆಂದೇ ಒಂದು ಪೈಪ್ ಬಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಆಗಾಗ ಅದರೊಳಗೆ ಎರಡು ಕೊಡ ನೀರು ಹಾಕಿ. ಗಿಟಾರ್ ಬಾರಿಸುವವರಿಗೆ ಇಷ್ಟು ಅಗ್ಗದ ಮದ್ದು ಬೇರೆ ಎಲ್ಲೂ ಸಿಗುವುದಿಲ್ಲ.

ಆಮೇಲೆ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ವೋಲ್ಟ್ ಇದೆಯೋ, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಪರವಾಗಿಲ್ಲ, ಹತ್ತಾರು ಇದ್ದರೆ ಏನೋ ತಪ್ಪಿದೆ. ಇನ್ವರ್ಟರ್ ಪಾಯಿಂಟ್‌ಗಳನ್ನೂ ನೋಡಲು ಹೇಳಿ, ಅಲ್ಲಿ ಎಷ್ಟೋ ಸಲ ಅರ್ತ್ ವೈರ್ ಎಳೆದೇ ಇರುವುದಿಲ್ಲ. ಹಾಗೆಯೇ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ವೈರ್ ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ. ಹೋದ ಕರೆಂಟ್ ಪೂರ್ತಿ ವಾಪಸ್ ಬರದೆ ಎಲ್ಲೋ ಸೋರುತ್ತಿದೆ ಅಂತ ಗೊತ್ತಾದ ಕ್ಷಣ ಲೈನ್ ಕಡಿಯುವುದು ಆರ್‌ಸಿಸಿಬಿ.

ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಬಾರಿಸುವವರಿಗೂ ಜುಮ್ ಅನ್ನುವುದುಂಟು. ಅಲ್ಲಿ ಹೆಚ್ಚಾಗಿ ಟೂ ಪಿನ್ ಚಾರ್ಜರ್ ಕಾರಣ, ಅದರಿಂದ ತೀರಾ ಸ್ವಲ್ಪ ಕರೆಂಟ್ ಸೋರುತ್ತಲೇ ಇರುತ್ತದೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಬಾರಿಸಿ ನೋಡಿ. ಜುಮ್ ನಿಂತು, ಗುಂಯ್ ಕೂಡ ಇಳಿದರೆ ಕಳ್ಳ ಸಿಕ್ಕ. ಆದರೆ ಬೆರಳಿಗೆ ಜುಮ್ ಅಂದಷ್ಟರಿಂದ ಅದು ಚಿಕ್ಕ ಸೋರಿಕೆಯೋ ದೊಡ್ಡದೋ ಅಂತ ಯಾರೂ ಹೇಳಲಾರರು.

ಈಗ ಗುಂಯ್ ಸದ್ದಿಗೆ ಬರೋಣ. ತಂತಿ ಮುಟ್ಟಿದರೆ ಸದ್ದು ಇಳಿಯುವುದು ಗಿಟಾರ್ ಕೆಟ್ಟಿರುವುದರ ಗುರುತಲ್ಲ. ಗೋಡೆಯೊಳಗಿನ ವೈರ್, ಟ್ಯೂಬ್‌ಲೈಟ್, ಫ್ಯಾನ್ ಎಲ್ಲದರಿಂದ ಬರುವ ತರಂಗವನ್ನು ನಿಮ್ಮ ಮೈ ಆಂಟೆನಾದಂತೆ ಹಿಡಿದು, ಹೊಟ್ಟೆಗೆ ಒತ್ತಿಕೊಂಡಿರುವ ಪಿಕಪ್‌ಗೆ ದಾಟಿಸುತ್ತಿರುತ್ತದೆ. ತಂತಿ ಮುಟ್ಟಿದಾಗ ಮೈ ಚಾಸಿಗೆ ಸೇರಿಕೊಳ್ಳುತ್ತದೆ, ಸದ್ದು ತಗ್ಗುತ್ತದೆ. ಇಲ್ಲೊಂದು ಎಚ್ಚರ: ಮನೆಗೆ ಅರ್ಥಿಂಗ್ ಇಲ್ಲದಿದ್ದರೂ ಹೀಗೆ ಸದ್ದು ತಗ್ಗಬಹುದು. ಹಾಗಾಗಿ ಇದನ್ನೇ ನೋಡಿ ಅರ್ಥಿಂಗ್ ಸರಿ ಇದೆ ಅಂತ ನಂಬಬೇಡಿ. ಅರ್ಥಿಂಗ್ ಚೆಕ್ ಆದ ಮೇಲೂ ತಂತಿ ಮುಟ್ಟಿದಾಗ ಏನೂ ಬದಲಾಗದೆ, ಕೇಬಲ್ ಜ್ಯಾಕ್‌ನ ಲೋಹ ಮುಟ್ಟಿದಾಗ ಮಾತ್ರ ಸದ್ದು ಇಳಿದರೆ ಬ್ರಿಜ್‌ನ ಸಣ್ಣ ವೈರ್ ಕಡಿದಿದೆ. ಒಂದು ಬೆಸುಗೆಯ ಕೆಲಸ, ಅಷ್ಟೇ.

ಸದ್ದು ಎಲ್ಲಿಂದ ಅಂತ ತಿಳಿಯಲು ಮೊದಲು ಗಿಟಾರ್‌ನ ವಾಲ್ಯೂಮ್ ಸೊನ್ನೆಗೆ ತನ್ನಿ. ಸದ್ದು ನಿಂತರೆ ಅದು ಪಿಕಪ್ ಕಡೆಯದು. ನಿಲ್ಲದಿದ್ದರೆ ಕೇಬಲ್ಲೋ ಆಂಪೋ. ಕೇಬಲ್ಲನ್ನು ಆಂಪ್‌ನಿಂದಲೇ ಕಿತ್ತ ಮೇಲೂ ಗುಂಯ್ ಅಂದರೆ ಪಾಪ, ಗಿಟಾರ್‌ನ ತಪ್ಪು ಏನೂ ಇಲ್ಲ.

ಆಂಪ್ ಕಡೆ ಬೆರಳು ತೋರಿದರೆ ಇನ್ನೊಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟದ್ದು. ಆರನೇ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಅದು 98 ಹರ್ಟ್ಸ್‌ನ ಜಿ ಸ್ವರ. ನಮ್ಮ ಕರೆಂಟ್ 50 ಹರ್ಟ್ಸ್. ಆಂಪ್ ಒಳಗೆ ಅದನ್ನು ಡಿಸಿ ಮಾಡುವಾಗ ಉಳಿಯುವ ಅಲೆ 100 ಹರ್ಟ್ಸ್. ಆಂಪ್‌ನ ಗುಂಯ್ ಆ ಜಿ ಸ್ವರಕ್ಕೆ ಹತ್ತಿರ ಕೇಳಿದರೆ ಪವರ್ ಸಪ್ಲೈನಲ್ಲಿ ಆ ಅಲೆಯನ್ನು ತಗ್ಗಿಸುವ ಫಿಲ್ಟರ್ ಕೆಪ್ಯಾಸಿಟರ್ ಮೇಲೆ ಅನುಮಾನ ಪಡಬಹುದು. ಅದಕ್ಕಿಂತ ಒಂದು ಸಪ್ತಕ ಕೆಳಗೆ ಕೇಳಿದರೆ ಟ್ರಾನ್ಸ್‌ಫಾರ್ಮರ್ ಇಲ್ಲವೇ ಅರ್ಥಿಂಗ್ ಕಡೆ ನೋಡಬೇಕು. ಎಂಟಿಂಚಿನ ಸಣ್ಣ ಸ್ಪೀಕರ್‌ನಲ್ಲಿ 50 ಹರ್ಟ್ಸ್ ಅಷ್ಟು ಚೆನ್ನಾಗಿ ಕೇಳುವುದಿಲ್ಲ, ಇದೊಂದು ಅಂದಾಜು ಅಷ್ಟೇ. ಕೆಪ್ಯಾಸಿಟರ್‌ಗಳು ಬಿಸಿಯಲ್ಲಿ ಬೇಗ ಮುದಿಯಾಗುತ್ತವೆ. ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧ ಅನ್ನುವುದು ರಿಪೇರಿಯವರ ಲೆಕ್ಕ. ನಮ್ಮ ಊರಿನ ಮೇ ತಿಂಗಳ ಮಹಡಿ ಕೋಣೆಯಲ್ಲಿ ಇಟ್ಟ ಆಂಪ್‌ನ ಗತಿ ಊಹಿಸಿ. ಗಾಜಿನ ಕೊಳವೆಗಳಿರುವ ವಾಲ್ವ್ ಆಂಪ್ ಆದರೆ ಮಾತ್ರ ನೀವೇ ಬಿಚ್ಚಲು ಹೋಗಬೇಡಿ. ಒಳಗೆ 300 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ಉಳಿದಿರುತ್ತದೆ.

ಪಿಕಪ್ ಕಡೆಯ ಸದ್ದಾದರೆ ಕೋಣೆಯಲ್ಲಿ ಒಂದು ಸುತ್ತು ತಿರುಗಿ. ನಿಜಕ್ಕೂ, ಗಿಟಾರ್ ಹಿಡಿದು ನಿಂತಲ್ಲೇ ನಿಧಾನ ತಿರುಗಿ. ಒಂದು ದಿಕ್ಕಿಗೆ ಸದ್ದು ತಗ್ಗುತ್ತದೆ, ಅಲ್ಲೇ ಕುರ್ಚಿ ಹಾಕಿಕೊಳ್ಳಿ. ಆಂಪ್‌ನಿಂದ, ಇನ್ವರ್ಟರ್‌ನಿಂದ, ಕೂಲರ್ ಮೋಟರ್‌ನಿಂದ ದೂರ ಸರಿಯಿರಿ. ಫ್ಯಾನ್ ರೆಗ್ಯುಲೇಟರ್ ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ಮಾದರಿಯದಾದರೆ ಗುಂಯ್ ಅಲ್ಲ, ಜರ್ ಅನ್ನುವ ಒರಟು ಸದ್ದು ಬರುತ್ತದೆ. ಟಕ್ ಟಕ್ ಅಂತ ತಿರುಗುವ ಕೆಪ್ಯಾಸಿಟರ್ ರೆಗ್ಯುಲೇಟರ್ ಹಾಕಿಸಿದರೆ ಬಹಳ ಸುಧಾರಿಸುತ್ತದೆ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಬಾರಿಸುವುದೂ ಕಿವಿಗೆ ಹಿಂಸೆ. ಅದಕ್ಕೆ ಸೈನ್ ವೇವ್ ಇನ್ವರ್ಟರ್ ಬೇಕು.

ಇಷ್ಟಾದ ಮೇಲೆ ಹಮ್‌ಬಕರ್ ಮಾತು. ಸ್ಟ್ರಾಟೊಕಾಸ್ಟರ್ 1954ರಲ್ಲಿ ಬಂದದ್ದೇ ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳೊಂದಿಗೆ. ಆಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದು ಗಿಟಾರ್ ತಂತಿಯನ್ನೂ ಕೇಳಿಸಿಕೊಳ್ಳುತ್ತದೆ, ಗೋಡೆಯ ವೈರನ್ನೂ ಕೇಳಿಸಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಪಿಕಪ್‌ನಲ್ಲಿ ಎರಡು ಕಾಯಿಲ್. ಎರಡರ ಸುತ್ತೂ ಉಲ್ಟಾ, ಆಯಸ್ಕಾಂತದ ಧ್ರುವವೂ ಉಲ್ಟಾ. ತಂತಿಯ ನಾದ ಎರಡರಲ್ಲೂ ಕೂಡಿಕೊಳ್ಳುತ್ತದೆ, ಹೊರಗಿನ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ. ಜಾಣ ಕೆಲಸವೇ. ಆದರೆ ಅದರ ನಾದ ದಪ್ಪ. ಸ್ಟ್ರಾಟ್‌ನ ಗಾಜಿನಂಥ ಸ್ವಚ್ಛ ದನಿಗಾಗಿ ಅದನ್ನು ಕೊಂಡವರು ಹಮ್‌ಬಕರ್ ಹಾಕಿಸಿ ಆಮೇಲೆ ಬೇಸರ ಪಡುವುದು ಜಾಸ್ತಿ. ನಿಮ್ಮ ಗಿಟಾರ್‌ನ ಸ್ವಿಚ್ ಎರಡನೇ ಮತ್ತು ನಾಲ್ಕನೇ ಸ್ಥಾನಕ್ಕೆ ಹಾಕಿ ನೋಡಿ. ಇತ್ತೀಚಿನ ಬಹಳ ಗಿಟಾರ್‌ಗಳಲ್ಲಿ ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿರುತ್ತಾರೆ, ಆ ಎರಡು ಸ್ಥಾನಗಳಲ್ಲಿ ಗುಂಯ್ ತಾನೇ ಮಾಯವಾಗುತ್ತದೆ. ಪಿಕ್‌ಗಾರ್ಡ್ ಹಿಂದೆ, ಒಳಗಿನ ಪೊಟರೆಗೆ ತಾಮ್ರದ ಟೇಪ್ ಅಂಟಿಸಿ ಅರ್ತ್‌ಗೆ ಸೇರಿಸಿದರೆ ಜರ್ ಸದ್ದು ಚೆನ್ನಾಗಿ ತಗ್ಗುತ್ತದೆ. ಟ್ರಾನ್ಸ್‌ಫಾರ್ಮರ್‌ನ ಗುಂಯ್‌ಗೆ ಮಾತ್ರ ಅದು ನಾಟುವುದಿಲ್ಲ. ನಾಯ್ಸ್ ಗೇಟ್ ಅನ್ನುವ ಪೆಡಲ್ ಬಗ್ಗೆ ನನಗೆ ದೊಡ್ಡ ಒಲವಿಲ್ಲ. ನೀವು ಬಾರಿಸದಿದ್ದಾಗ ಬಾಗಿಲು ಹಾಕುತ್ತದೆ, ಬಾರಿಸುವಾಗ ಗುಂಯ್ ಒಳಗೇ ಇರುತ್ತದೆ.

ಹಳೆ ಆಂಪ್ ಕೂಡಿಡುವ ಹುಚ್ಚು ಇದ್ದವರಿಗೂ ಒಂದು ಮಾತು. ಹೈದರಾಬಾದ್‌ನಿಂದಲೋ, ವಿದೇಶದಿಂದ ಬಂದವರ ಕಡೆಯಿಂದಲೋ ಸೆಕೆಂಡ್‌ಹ್ಯಾಂಡ್ ತರುವಾಗ ಮೊದಲು ಹಿಂಭಾಗದ ವೋಲ್ಟ್ ನೋಡಿ. ಅಮೆರಿಕದ್ದು 120, ಜಪಾನಿನದು 100. ಸೀದಾ ಹಚ್ಚಿದರೆ ಸುಟ್ಟು ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತರುವಾಗ ಅದಕ್ಕೆ ಮೂರು ಪಿನ್ ಇದೆಯೇ ನೋಡಿ, ಅಗ್ಗದವಕ್ಕೆ ಎರಡೇ ಇರುತ್ತವೆ, ಅರ್ಥಿಂಗ್ ಅಲ್ಲೇ ನಿಂತುಬಿಡುತ್ತದೆ. ಐವತ್ತು, ಅರವತ್ತರ ದಶಕದ ಅಮೆರಿಕನ್ ಆಂಪ್‌ಗಳಲ್ಲಿ ಹೆಚ್ಚಿನವಕ್ಕೆ ಟೂ ಪಿನ್ ವೈರ್. ಜೊತೆಗೆ ಮೇನ್ಸ್ ಲೈನ್‌ನಿಂದ ಚಾಸಿಗೆ ಒಂದು ಕೆಪ್ಯಾಸಿಟರ್. ಆ ಕಡೆಯವರು ಅದಕ್ಕೆ ಡೆತ್ ಕ್ಯಾಪ್ ಅಂತಲೇ ಹೆಸರಿಟ್ಟಿದ್ದಾರೆ. ಅದು ಶಾರ್ಟ್ ಆದರೆ ತಂತಿಗೇ ಕರೆಂಟ್. ಅಸಲಿತನ ಹೋಗುತ್ತದೆ ಅಂತ ಅದನ್ನು ಹಾಗೇ ಉಳಿಸಿಕೊಳ್ಳುವ ಸಂಗ್ರಹಕಾರರಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿ ಇಡುವುದಾದರೆ ಇರಲಿ. ಬಾರಿಸುವುದಾದರೆ ಗೊತ್ತಿದ್ದವರಿಂದ ಕೆಪ್ಯಾಸಿಟರ್ ತೆಗೆಸಿ, ಮೂರು ಪಿನ್ ವೈರ್ ಹಾಕಿಸಿ.

ಚರ್ಚ್‌ನಲ್ಲಿ, ಗಣೇಶನ ಪೆಂಡಾಲ್‌ನಲ್ಲಿ ಬಾರಿಸುವಾಗ ಮಾತ್ರ ಗುಂಯ್ ಬರುತ್ತದೆ, ಮನೆಯಲ್ಲಿ ಇಲ್ಲ ಅಂದರೆ ಅದು ಬೇರೆ ಕಥೆ. ಆಂಪ್ ಒಂದು ಬೋರ್ಡ್‌ನಲ್ಲಿ, ಮಿಕ್ಸರ್ ಇನ್ನೊಂದರಲ್ಲಿ ಇದ್ದು, ನಡುವೆ ಕೇಬಲ್ ಎಳೆದರೆ ಅರ್ತ್ ದಾರಿ ಎರಡಾಗಿ ಸುತ್ತು ಬೀಳುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಹಾಕಿ. ಆಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಆಂಪ್‌ಗೂ ಮಿಕ್ಸರ್‌ಗೂ ನಡುವೆ ಹಾಕುವ ಸಣ್ಣ ಪೆಟ್ಟಿಗೆ) ಬಳಸಿ, ಆ ಕೇಬಲ್‌ನ ಅರ್ತ್ ದಾರಿಯನ್ನಷ್ಟೇ ಕಡಿಯುವ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಸೌಂಡ್‌ನವರು ಪ್ಲಗ್ಗಿನ ಅರ್ತ್ ಪಿನ್ ಮುರಿದು ಸದ್ದು ನಿಲ್ಲಿಸಿ ತೋರಿಸಿದರೆ ಒಪ್ಪಬೇಡಿ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮವಾದರೆ ಹಾಡುವ ಮೊದಲು ಟೆಸ್ಟರ್ ತಂದು ಮೈಕ್‌ನ ಲೋಹಕ್ಕೂ ನಿಮ್ಮ ತಂತಿಗೂ ಹಚ್ಚಿ ನೋಡಿ. ದೀಪ ಉರಿದರೆ ಇಳಿದು ಬನ್ನಿ. ಕಾರ್ಯಕ್ರಮ ಅರ್ಧ ಗಂಟೆ ತಡವಾದರೆ ಜನ ಕಾಯುತ್ತಾರೆ.

ನಿಮ್ಮ ವಿಷಯದಲ್ಲಿ ಮೊದಲು ಗುಂಡಿಗೆ ನೀರು, ಆಮೇಲೆ ಎಲೆಕ್ಟ್ರಿಷಿಯನ್, ಆಮೇಲೆ ರೆಗ್ಯುಲೇಟರ್. ಅಷ್ಟಾದರೂ ಸಿಂಗಲ್ ಕಾಯಿಲ್‌ನಲ್ಲಿ ಆಂಪ್‌ನ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿದಾಗ ಸ್ವಲ್ಪ ಗುಂಯ್ ಉಳಿದೇ ಉಳಿಯುತ್ತದೆ. ಹಾಡಿನ ನಡುವೆ ವಾಲ್ಯೂಮ್ ಇಳಿಸುವುದನ್ನು ಕಿರುಬೆರಳಿಗೆ ಕಲಿಸಿಬಿಡಿ. ಸ್ಟ್ರಾಟ್‌ನಲ್ಲಿ ವಾಲ್ಯೂಮ್ ನಾಬ್ ತಂತಿಗಳಿಗೆ ಹತ್ತಿರ, ಬೆರಳಿಗೆ ಸಿಗುವಲ್ಲೇ ಇದೆ.